ಐದು ನಿಮಿಷದ ಕೆಲಸಕ್ಕೆ ಒಂದು ಫೋನು

ಡೆನ್ಮಾರ್ಕಿನ ಒಂದು ಲೆಕ್ಕದಿಂದ ಶುರು ಮಾಡುತ್ತೇನೆ. ಪುಟ್ಟ ದೇಶ, ಎಚ್‌ಐವಿ ಚಿಕಿತ್ಸೆ ಅಲ್ಲಿ ಉಚಿತ, ಆಸ್ಪತ್ರೆಯ ದಾಖಲೆಗಳೂ ಅಚ್ಚುಕಟ್ಟು. ಅಲ್ಲಿ ಚಿಕಿತ್ಸೆಯಲ್ಲಿದ್ದ ಸುಮಾರು ಮೂರು ಸಾವಿರ ಸೋಂಕಿತರ ದಾಖಲೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸಂಶೋಧಕರು 2013ರಲ್ಲಿ ಒಂದು ಫಲಿತಾಂಶ ಪ್ರಕಟಿಸಿದರು. ಸೇದುವ ಸೋಂಕಿತರು ಎಚ್‌ಐವಿಯಿಂದ ಕಳೆದುಕೊಳ್ಳುವ ಆಯಸ್ಸು 5.1 ವರ್ಷ, ಸಿಗರೇಟಿನಿಂದ ಕಳೆದುಕೊಳ್ಳುವುದು 12.3 ವರ್ಷ. 35 ವರ್ಷದ, ಜನ್ಮದಲ್ಲಿ ಸಿಗರೇಟು ಮುಟ್ಟದ ಸೋಂಕಿತರು 78 ದಾಟುವ ನಿರೀಕ್ಷೆಯಿತ್ತು. ಅದೇ ವಯಸ್ಸಿನ ಸೇದುವವರಿಗೆ 62, 63ಕ್ಕೇ ಲೆಕ್ಕ ಮುಗಿಯುತ್ತಿತ್ತು.

ಹೆಸರು ಕೇಳಿದರೇ ಜನ ಬೆಚ್ಚುವ ವೈರಸ್ಸಿಗಿಂತ ಬೀದಿಬದಿಯ ಪೆಟ್ಟಿ ಅಂಗಡಿಯಲ್ಲಿ ಸಿಗುವ ಬಿಳಿ ಕಡ್ಡಿ ಎರಡು ಪಟ್ಟಿಗೂ ಹೆಚ್ಚು ಆಯಸ್ಸು ತಿನ್ನುತ್ತಿತ್ತು. ಇದನ್ನು ಓದಿದಾಗ ನನಗೆ ಎದ್ದ ಪ್ರಶ್ನೆ ಒಂದೇ. ದಿನವೂ ತಪ್ಪದೆ ಮಾತ್ರೆ ನುಂಗಿ ವೈರಸ್ಸನ್ನು ಕಟ್ಟಿಹಾಕಿದವರು ಜೇಬಿನೊಳಗಿನ ಪ್ಯಾಕಿಗೆ ಸೋಲುವುದು ಯಾಕೆ? ಅವರ ಕೈಯಲ್ಲಿರುವ ಇನ್ನೊಂದು ವಸ್ತು, ಸ್ಮಾರ್ಟ್‌ಫೋನು, ಇಲ್ಲಿ ಏನಾದರೂ ಉಪಯೋಗಕ್ಕೆ ಬರುತ್ತದೆಯೇ?

ಸ್ವಲ್ಪ ಹಿಂದಕ್ಕೆ ಹೋಗಬೇಕು. 1996ರ ಸುಮಾರಿಗೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬರುವ ತನಕ ಎಚ್‌ಐವಿ ಎಂದರೆ ದಿನ ಎಣಿಸುವ ಕಾಯಿಲೆ. ಸಾವಿನ ಹೊಸ್ತಿಲಲ್ಲಿ ಕೂತವರಿಗೆ ‘ಸಿಗರೇಟು ಬಿಡಿ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ’ ಎಂದು ಹೇಳಲು ಯಾವ ವೈದ್ಯರಿಗೂ ಬಾಯಿ ಬರುತ್ತಿರಲಿಲ್ಲ. ಹಾಗೆ ಬಿಟ್ಟುಹೋದ ಪ್ರಶ್ನೆ ಚಿಕಿತ್ಸೆ ಬದಲಾದ ಮೇಲೂ ಬಿಟ್ಟೇಹೋಯಿತು. ಭಾರತದಲ್ಲಿ ಸರ್ಕಾರ ಎಆರ್‌ಟಿ ಮಾತ್ರೆಗಳನ್ನು, ಅಂದರೆ ವೈರಸ್ಸನ್ನು ತಗ್ಗಿಸುವ ಈ ಔಷಧಗಳನ್ನು, ಉಚಿತವಾಗಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಆಗ ಮೂವತ್ತರ ಆಸುಪಾಸಿನಲ್ಲಿದ್ದವರು ಈಗ ಐವತ್ತು ದಾಟಿದ್ದಾರೆ. ಎದೆನೋವು, ದಮ್ಮು, ಕ್ಯಾನ್ಸರು ತಲೆಹಾಕುವ ವಯಸ್ಸು.

ಅಮೆರಿಕದಲ್ಲಿ 2009ರ ಸಮೀಕ್ಷೆಯೊಂದರ ಪ್ರಕಾರ ಎಚ್‌ಐವಿ ಚಿಕಿತ್ಸೆಯಲ್ಲಿದ್ದವರಲ್ಲಿ ಶೇ 42ರಷ್ಟು ಮಂದಿ ಸೇದುತ್ತಿದ್ದರು. ಒಟ್ಟು ವಯಸ್ಕರಲ್ಲಿ ಆ ಪ್ರಮಾಣ ಶೇ 21ರ ಹತ್ತಿರ. ಸರಿಯಾಗಿ ಮಾತ್ರೆ ತೆಗೆದುಕೊಳ್ಳುತ್ತ ಸೇದುವುದನ್ನೂ ಮುಂದುವರಿಸಿದವರು ಏಡ್ಸ್ ಸಂಬಂಧಿ ಕಾರಣಗಳಿಗಿಂತ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವ 6ರಿಂದ 13 ಪಟ್ಟು ಹೆಚ್ಚು ಎಂದು 2017ರಲ್ಲಿ ಬಾಸ್ಟನ್ನಿನ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ರಕ್ತದಲ್ಲಿ ವೈರಸ್ ಕಾಣದಷ್ಟು ತಗ್ಗಿದ ಮೇಲೂ ದೇಹದ ಕಾವಲುಪಡೆ ಪೂರ್ತಿ ತಣ್ಣಗಾಗುವುದಿಲ್ಲ, ಒಳಗೊಂದು ಸಣ್ಣ ಉರಿಯೂತ ಇದ್ದೇ ಇರುತ್ತದೆ. ರಕ್ತನಾಳಗಳ ಗೋಡೆಗೆ ಆ ಉರಿಯೂತದ ಏಟು ಒಂದು ಕಡೆ, ಹೊಗೆಯ ಏಟು ಇನ್ನೊಂದು ಕಡೆ. ನಮ್ಮ ದೇಶಕ್ಕೆ ಇದಕ್ಕಿಂತ ಹತ್ತಿರದ ಮಾತೂ ಇದೆ: ಕ್ಷಯ. ಎಚ್‌ಐವಿ ಇರುವವರನ್ನು ಅತಿ ಹೆಚ್ಚು ಬಲಿ ತೆಗೆದುಕೊಳ್ಳುವ ಸೋಂಕು ಅದು, ಸೇದುವವರಿಗೆ ಅದು ಹತ್ತುವ ಅಪಾಯ ಹೆಚ್ಚು.

ಐದು ನಿಮಿಷ

ಆ್ಯಪ್ ಏನು ಮಾಡಬಲ್ಲದು ಎಂದು ತಿಳಿಯಬೇಕಾದರೆ ಸಿಗರೇಟಿನ ತುಡಿತ ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂಬುದನ್ನು ಮೊದಲು ನೋಡಬೇಕು.

ಹೊಗೆ ಒಳಗೆಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮಿದುಳಿಗೆ ತಲುಪುತ್ತದೆ. ಹಾಯೆನಿಸುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿದ್ದ ನಿಕೋಟಿನ್ ಅರ್ಧಕ್ಕಿಳಿಯುತ್ತದೆ, ಚಡಪಡಿಕೆ ಶುರುವಾಗುತ್ತದೆ. ಎಚ್‌ಐವಿ ಇರುವವರಲ್ಲಿ ನಿಕೋಟಿನ್ ಇನ್ನೂ ಬೇಗ ಕರಗುವುದನ್ನು ಕೆಲವು ಅಧ್ಯಯನಗಳು ಕಂಡಿವೆ. ಬಹಳ ವರ್ಷ ಬಳಕೆಯಲ್ಲಿದ್ದ ಎಫಾವಿರೆಂಜ್ ಎಂಬ ಎಚ್‌ಐವಿ ಮಾತ್ರೆಯ ಮೇಲೆ ಇದರ ಗುಮಾನಿಯಿದೆ. ಬೇಗ ಕರಗಿದಷ್ಟೂ ಮುಂದಿನ ಸಿಗರೇಟು ಬೇಗ ಬೇಕಾಗುತ್ತದೆ.

ಇದಿಷ್ಟು ರಕ್ತದ ಮಾತು. ಅದರ ಜೊತೆಗೆ ಅಭ್ಯಾಸವೂ ಸೇರಿಕೊಂಡಿರುತ್ತದೆ. ಊಟ ಮುಗಿಯಿತು, ಸಿಗರೇಟು. ಟೀ ಬಂತು, ಸಿಗರೇಟು. ಬಸ್ಸು ತಡವಾಯಿತು, ಮೇಲಧಿಕಾರಿ ಬೈದರು, ಗೆಳೆಯ ಹಚ್ಚಿದ, ಸಿಗರೇಟು. ಇಂಥ ಪ್ರತಿಯೊಂದು ಗಳಿಗೆಗೂ ಮಿದುಳು ಒಂದು ಗಂಟೆ ಕಟ್ಟಿರುತ್ತದೆ, ಗಳಿಗೆ ಬಂದ ಕೂಡಲೇ ಬಾರಿಸುತ್ತದೆ. ಬಿಡಲು ಹೊರಟವರು ನೆನಪಿಡಬೇಕಾದ್ದು ಇಷ್ಟು: ಆ ಗಂಟೆ ಬಹಳ ಹೊತ್ತು ಬಾರಿಸುವುದಿಲ್ಲ. ಒಂದು ಸಲ ಎದ್ದ ತೀವ್ರ ತುಡಿತ ಸಾಮಾನ್ಯವಾಗಿ ಮೂರ್ನಾಲ್ಕು ನಿಮಿಷ, ಹೆಚ್ಚೆಂದರೆ ಐದಾರು ನಿಮಿಷ ಏರಿ ಇಳಿಯುತ್ತದೆ. ಸೇದಿದರೂ ಇಳಿಯುತ್ತದೆ, ಸೇದದಿದ್ದರೂ ಇಳಿಯುತ್ತದೆ. ಸೇದಿದವರಿಗೆ ಸಿಗರೇಟೇ ಇಳಿಸಿತು ಅನಿಸುತ್ತದೆ.

ವೈದ್ಯರು ಸಿಗುವುದು ತಿಂಗಳಿಗೊಮ್ಮೆ, ಆಪ್ತಸಮಾಲೋಚಕರು ಸಿಗುವುದು ಕಚೇರಿ ಹೊತ್ತಿನಲ್ಲಿ. ತುಡಿತ ಏಳುವುದು ರಾತ್ರಿ ಹತ್ತೂವರೆಗೆ, ಮಹಡಿಯ ಮೇಲೆ ಒಬ್ಬರೇ ನಿಂತಾಗ. ಆ ಐದು ನಿಮಿಷದಲ್ಲಿ ಪಕ್ಕದಲ್ಲಿರುವುದು ಫೋನು ಮಾತ್ರ. ಸಿಗರೇಟು ಬಿಡಿಸುವ ಆ್ಯಪ್‌ಗಳ ಹಿಂದಿರುವ ತರ್ಕವೆಲ್ಲ ಇಷ್ಟೇ, ಉಳಿದದ್ದೆಲ್ಲ ಅಲಂಕಾರ.

ಹ್ಯೂಸ್ಟನ್ನಿನ ಫೋನು, ಬ್ರಾಂಕ್ಸಿನ ಗುಂಪು

ಈ ದಾರಿಯಲ್ಲಿ ಮೊದಲು ನಡೆದವರು ಆ್ಯಪ್ ಹಿಡಿದು ಬಂದವರಲ್ಲ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಥಾಮಸ್ ಸ್ಟ್ರೀಟ್ ಎಂಬ ಎಚ್‌ಐವಿ ಚಿಕಿತ್ಸಾಲಯವಿತ್ತು, ಬರುವವರಲ್ಲಿ ಹೆಚ್ಚಿನವರು ಬಡವರು. ಸಿಗರೇಟು ಬಿಡುವ ತರಗತಿಗೆ ಬನ್ನಿ ಎಂದರೆ ಬಸ್ಸಿಗೆ ದುಡ್ಡಿಲ್ಲ, ಫೋನು ಮಾಡಿ ಎಂದರೆ ಫೋನೇ ಇಲ್ಲ. ಅಲ್ಲಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಸಂಸ್ಥೆಯ ಸಂಶೋಧಕರು ದುಡ್ಡು ತುಂಬಿಸಿದ ಸಾದಾ ಮೊಬೈಲುಗಳನ್ನೇ ರೋಗಿಗಳ ಕೈಗೆ ಕೊಟ್ಟರು. ಆಮೇಲೆ ತಾವೇ ಕರೆ ಮಾಡಿದರು, ಮೂರು ತಿಂಗಳಲ್ಲಿ ಹನ್ನೊಂದು ಸಲ. ಒಟ್ಟು 474 ಮಂದಿಯ ದೊಡ್ಡ ಪ್ರಯೋಗ. ಮೂರು ತಿಂಗಳ ಕೊನೆಗೆ ಕರೆ ಪಡೆದವರ ಗುಂಪಿನಲ್ಲಿ ಬಿಟ್ಟವರು ಎದ್ದು ಕಾಣುವಷ್ಟು ಹೆಚ್ಚಿದ್ದರು. ವರ್ಷ ತುಂಬುವಷ್ಟರಲ್ಲಿ ಎರಡು ಗುಂಪುಗಳ ನಡುವಿನ ಅಂತರ ಕರಗಿಹೋಗಿತ್ತು.

ಇದನ್ನು ಸೋಲು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕರೆ ಬರುತ್ತಿದ್ದಷ್ಟು ದಿನ ಫಲವಿತ್ತು, ಕರೆ ನಿಂತಿತು, ಫಲವೂ ನಿಂತಿತು. ರಕ್ತದೊತ್ತಡದ ಮಾತ್ರೆಯನ್ನು ಮೂರು ತಿಂಗಳು ಕೊಟ್ಟು ನಿಲ್ಲಿಸಿ, ವರ್ಷದ ನಂತರ ಒತ್ತಡ ಮತ್ತೆ ಏರಿದರೆ ಮಾತ್ರೆಯನ್ನು ಬೈಯುತ್ತೇವೆಯೇ?

ಇನ್ನೊಂದು ಕೆಲಸ ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ನಡೆಯಿತು. ಅಲ್ಲಿನ ಮಾಂಟೆಫಿಯೋರ್ ವೈದ್ಯಕೀಯ ಕೇಂದ್ರದ ಸೋಂಕುರೋಗ ತಜ್ಞ ಜೊನಾಥನ್ ಶೂಟರ್ ಮತ್ತು ಸಂಗಡಿಗರು ‘ಪಾಸಿಟಿವ್ಲಿ ಸ್ಮೋಕ್ ಫ್ರೀ’ ಎಂಬ ಕಾರ್ಯಕ್ರಮ ರೂಪಿಸಿದರು. ಮೊದಲು ಅದು ಎಂಟು ಬೈಠಕ್ಕುಗಳ ಗುಂಪು ಸಭೆ. ನಡೆಸುವವರಲ್ಲಿ ಒಬ್ಬರು ತಾವೇ ಎಚ್‌ಐವಿಯೊಂದಿಗೆ ಬದುಕುತ್ತಿರುವ, ಸಿಗರೇಟು ಬಿಟ್ಟ ವ್ಯಕ್ತಿ. ಇದು ಸಣ್ಣ ಸಂಗತಿಯಲ್ಲ. ‘ಹೇಗೂ ಈ ಕಾಯಿಲೆ ಇದೆ, ಇನ್ನು ಸಿಗರೇಟು ಬಿಟ್ಟು ಏನಾಗಬೇಕು’ ಎನ್ನುವವರಿಗೆ ಬಿಳಿ ಕೋಟಿನ ವೈದ್ಯರು ಕೊಡುವ ಉತ್ತರಕ್ಕೂ, ಅದೇ ಕಾಯಿಲೆ ಇಪ್ಪತ್ತು ವರ್ಷ ಹೊತ್ತು ಎದುರಿಗೆ ಕೂತಿರುವವರು ಕೊಡುವ ಉತ್ತರಕ್ಕೂ ವ್ಯತ್ಯಾಸವಿದೆ. ಆಮೇಲೆ ಅದೇ ಪಾಠಗಳನ್ನು ವೆಬ್‌ಸೈಟಿಗೆ ತಂದರು, ಮುಂದೆ ಆರು ವಾರದ ಮೊಬೈಲ್ ಕಾರ್ಯಕ್ರಮವನ್ನೂ ಕಟ್ಟಿದರು. ವೆಬ್ ರೂಪವನ್ನು 138 ಮಂದಿಯ ಮೇಲೆ ಪರೀಕ್ಷಿಸಿದಾಗ ಮೂರು ತಿಂಗಳಿಗೆ ಬಿಟ್ಟವರು ಶೇ 10.1, ಬರೀ ಮಾಮೂಲಿ ಸಲಹೆ ಪಡೆದವರಲ್ಲಿ ಶೇ 4.3. ಸಣ್ಣ ಪ್ರಯೋಗ, ಸಂಖ್ಯಾಶಾಸ್ತ್ರದವರು ತಲೆದೂಗುವಷ್ಟು ಗಟ್ಟಿಯಲ್ಲ. ಎಲ್ಲ ಎಂಟು ಪಾಠ ಮುಗಿಸಿದವರಲ್ಲಿ ಬಿಟ್ಟವರ ಪ್ರಮಾಣ ಹೆಚ್ಚಿತ್ತು ಎಂಬುದು ಮಾತ್ರ ಮುಂದೆ ಕೆಲಸಕ್ಕೆ ಬರುವ ಸುಳಿವು.

ಈ ಆ್ಯಪ್‌ಗಳನ್ನು ಬಿಚ್ಚಿದರೆ ಒಳಗೆ ಏನಿರುತ್ತದೆ? ಬಹುಪಾಲಿನಲ್ಲಿ ಒಂದು ಲೆಕ್ಕದ ಪುಸ್ತಕವಿರುತ್ತದೆ: ಬಿಟ್ಟು ಎಷ್ಟು ದಿನ, ಎಷ್ಟು ಸಿಗರೇಟು ಉಳಿಯಿತು, ಎಷ್ಟು ದುಡ್ಡು ಉಳಿಯಿತು. ನೋಡಲು ಖುಷಿ. ಒಂದು ದಿನ ಜಾರಿ ಒಂದು ಸೇದಿದರೆ ಎಣಿಕೆ ಸೊನ್ನೆಗೆ ಬರುತ್ತದೆ, ಖುಷಿ ಅಲ್ಲಿಗೇ ಮುಗಿಯುತ್ತದೆ. ಕೆಲವು ಆ್ಯಪ್‌ಗಳಲ್ಲಿ ಬಿಡುವ ದಿನ ಗೊತ್ತುಮಾಡಿಕೊಂಡರೆ ಅದಕ್ಕೆ ತಕ್ಕಂತೆ ಸಂದೇಶ ಬರುತ್ತದೆ. ‘ತಡೆಯಲಾಗುತ್ತಿಲ್ಲ’ ಎಂಬ ಅರ್ಥದ ಒಂದು ಗುಂಡಿಯೂ ಸಾಮಾನ್ಯ. ಒತ್ತಿದರೆ ಉಸಿರಾಟದ ಅಭ್ಯಾಸವೋ, ಪುಟ್ಟ ವಿಡಿಯೊವೋ, ಆಟವೋ ತೆರೆಯುತ್ತದೆ. ಐದು ನಿಮಿಷ ದಾಟಿಸುವುದು ಅದರ ಕೆಲಸ.

ಇವುಗಳಲ್ಲಿ ಎರಡು ಪಂಥಗಳಿವೆ. ಹಳೆಯದು ‘ತುಡಿತ ಬರುವ ಜಾಗದಿಂದ ದೂರವಿರು, ಬಂದರೆ ಗಮನ ಬೇರೆಡೆ ತಿರುಗಿಸು’ ಎನ್ನುತ್ತದೆ. ಇನ್ನೊಂದು ಸ್ವಲ್ಪ ವಿಚಿತ್ರ: ‘ತುಡಿತದ ಜೊತೆ ಗುದ್ದಾಡಬೇಡ. ಬರಲಿ, ಎದೆಯಲ್ಲೋ ಗಂಟಲಲ್ಲೋ ಎಲ್ಲಿ ಕೂತಿದೆ ನೋಡು, ತಾನಾಗಿ ಹೋಗುತ್ತದೆ’ ಎನ್ನುತ್ತದೆ. ಸಾಲ ವಸೂಲಿಗೆ ಬಂದು ಬಾಗಿಲು ತಟ್ಟುವವನಿಗೆ ದುಡ್ಡು ಕೊಡದೆ, ಜಗಳವನ್ನೂ ಆಡದೆ, ತಟ್ಟಿ ತಟ್ಟಿ ಹೋಗಲಿ ಎಂದು ಸುಮ್ಮನೆ ಕೂತಂತೆ. ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಕೇಂದ್ರದವರು ಈ ಎರಡನೆಯ ದಾರಿಯಲ್ಲಿ ‘ಐಕ್ಯಾನ್‌ಕ್ವಿಟ್’ ಆ್ಯಪ್ ಕಟ್ಟಿ, ಮೊದಲ ದಾರಿಯ ಸರ್ಕಾರಿ ಆ್ಯಪ್ ‘ಕ್ವಿಟ್‌ಗೈಡ್’ ಎದುರು ನಿಲ್ಲಿಸಿದರು. ಅಮೆರಿಕದ ಎಲ್ಲ 50 ರಾಜ್ಯಗಳ 2,415 ಮಂದಿ ಅದರಲ್ಲಿದ್ದರು. 2020ರಲ್ಲಿ ಬಂದ ಫಲಿತಾಂಶದಂತೆ ಒಂದು ವರ್ಷದ ಕೊನೆಗೆ ಹಿಂದಿನ 30 ದಿನ ಸೇದದಿದ್ದವರು ಐಕ್ಯಾನ್‌ಕ್ವಿಟ್ ಬಳಸಿದವರಲ್ಲಿ ಶೇ 28.2, ಕ್ವಿಟ್‌ಗೈಡ್ ಬಳಸಿದವರಲ್ಲಿ ಶೇ 21.1. ಇದು ಎಚ್‌ಐವಿ ಸೋಂಕಿತರಿಗೆಂದೇ ಮಾಡಿದ ಪ್ರಯೋಗವಲ್ಲ. ಆದರೂ ನನಗೆ ಮುಖ್ಯವೆನಿಸಿದ್ದಕ್ಕೆ ಕಾರಣವಿದೆ. ಕಾಯಿಲೆ ಗೊತ್ತಾದಾಗಿನಿಂದ ಭಯ, ನಾಚಿಕೆ, ಒಂಟಿತನವನ್ನು ಒದ್ದು ಓಡಿಸಲಾಗದೆ ಜೊತೆಯಲ್ಲಿಟ್ಟುಕೊಂಡೇ ಬದುಕಲು ಕಲಿತವರಿಗೆ, ‘ಓಡಿಸಬೇಡ, ಇರಲಿ ಬಿಡು’ ಎಂಬ ಪಾಠ ತೀರಾ ಹೊಸದೇನಲ್ಲ.

ಈಚಿನ ಸಾಹಸ ಕೈಗಡಿಯಾರದ್ದು. ಕೊಲಂಬಿಯಾ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಯ ತಂಡ ಎಚ್‌ಐವಿ ಸೋಂಕಿತರಿಗೆಂದೇ ‘ಸೆನ್ಸ್‌ಟುಕ್ವಿಟ್’ ಎಂಬ ಆ್ಯಪ್ ಮಾಡಿದೆ. ಮಣಿಕಟ್ಟಿನ ಸ್ಮಾರ್ಟ್‌ವಾಚು ಕೈಯ ಚಲನೆ ಗಮನಿಸುತ್ತದೆ. ಕೈ ಬಾಯಿಯ ಹತ್ತಿರ ಹೋಗಿ, ಒಂದು ಕ್ಷಣ ನಿಂತು, ಇಳಿದು, ಮತ್ತೆ ಅದೇ ಲಯದಲ್ಲಿ ಏರಿದರೆ ‘ಇವರು ಸೇದುತ್ತಿದ್ದಾರೆ’ ಎಂದು ಫೋನಿಗೆ ಹೇಳುತ್ತದೆ. ಟೀ ಕುಡಿಯುವ ಕೈಯೂ ಹಾಗೇ ಏರುತ್ತದೆ, ಆಕಳಿಸುವಾಗ ಬಾಯಿ ಮುಚ್ಚುವ ಕೈಯೂ ಏರುತ್ತದೆ. ಇವನ್ನೆಲ್ಲ ಬೇರೆ ಬೇರೆ ಗುರುತಿಸಲು ಯಂತ್ರಕ್ಕೆ ಕಲಿಸುವುದೇ ಅವರ ದೊಡ್ಡ ಕೆಲಸವಾಯಿತು. ಇದರ ಲಾಭ ಸೇದುವವರು ಬರೆದಿಡಬೇಕಿಲ್ಲ ಎಂಬುದು. ಎಷ್ಟು ಸೇದಿದೆ ಎಂದು ಕೇಳಿದರೆ ನಾವು ಹೇಳುವ ಉತ್ತರ ಎಷ್ಟು ನಿಜ ಎಂಬುದು ನಮಗೇ ಗೊತ್ತು.

ಒಟ್ಟು ಲೆಕ್ಕ ಏನು? ಇಲ್ಲಿ ಉತ್ಸಾಹಕ್ಕೆ ಸ್ವಲ್ಪ ತಣ್ಣೀರು ಹಾಕಬೇಕು. 2019ರಲ್ಲಿ ಕಾಕ್ರೇನ್ ಸಂಸ್ಥೆಯವರು ಮೊಬೈಲ್ ಮೂಲಕ ಸಿಗರೇಟು ಬಿಡಿಸುವ ಪ್ರಯೋಗಗಳನ್ನೆಲ್ಲ ಗುಡ್ಡೆಹಾಕಿ ತೂಗಿದರು. ಎಸ್‌ಎಂಎಸ್ ಕಾರ್ಯಕ್ರಮಗಳು ಬಿಡುವವರ ಪ್ರಮಾಣವನ್ನು ಸುಮಾರು ಒಂದೂವರೆ ಪಟ್ಟು ಏರಿಸಿದ್ದವು. ಆ್ಯಪ್‌ಗಳಿಂದ ಹೆಚ್ಚಿನ ಲಾಭ ಆಗ ಕಾಣಲಿಲ್ಲ. ಐಕ್ಯಾನ್‌ಕ್ವಿಟ್ ಫಲಿತಾಂಶ ಬಂದದ್ದು ಅದರ ನಂತರ, ಅಲ್ಲಿಯೂ ಬಿಟ್ಟೆವೆಂದು ಹೇಳಿದವರ ಮಾತನ್ನೇ ನಂಬಿದ್ದರು. ಊದಿಸಿ ಇಂಗಾಲದ ಮಾನಾಕ್ಸೈಡ್ ಅಳೆಯುವ ಪರೀಕ್ಷೆ ಇರಲಿಲ್ಲ. ಎಸ್‌ಎಂಎಸ್ ಯಾಕೆ ಗೆದ್ದಿತು ಎಂಬುದಕ್ಕೆ ನನ್ನ ಊಹೆ ಸರಳ. ಆ್ಯಪನ್ನು ನಾವು ತೆರೆಯಬೇಕು, ಎಸ್‌ಎಂಎಸ್ ತಾನೇ ಬರುತ್ತದೆ. ಮೊದಲ ವಾರ ದಿನಕ್ಕೆ ನಾಲ್ಕು ಸಲ ತೆರೆದ ಆ್ಯಪು ಮೂರನೇ ವಾರ ಎಷ್ಟನೇ ಪುಟದಲ್ಲಿದೆ ಎಂದು ನೆನಪಿರುವುದಿಲ್ಲ.

ಪರದೆ ನೋಡುವ ಇನ್ನೊಂದು ಜೊತೆ ಕಣ್ಣು

ನಾನು ಸಿಗರೇಟು ಬಿಟ್ಟದ್ದು ಮೂರನೇ ಪ್ರಯತ್ನಕ್ಕೆ. ಎರಡನೇ ಪ್ರಯತ್ನದಲ್ಲಿ ಒಂದು ಆ್ಯಪ್ ಹಾಕಿಕೊಂಡಿದ್ದೆ, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಸೇದುವುದೇ ಗುಟ್ಟಾಗಿದ್ದ ಮೇಲೆ ಬಿಡುವುದೂ ಗುಟ್ಟೇ ತಾನೆ. ಒಂದು ಸಂಜೆ ಮಗಳು ನನ್ನ ಫೋನಿನಲ್ಲಿ ಕಾರ್ಟೂನು ನೋಡುತ್ತಿದ್ದಳು. ಪರದೆಯ ಮೇಲಿನಿಂದ ಒಂದು ಪಟ್ಟಿ ಜಾರಿ ಬಂತು. ಇವತ್ತು ಎಷ್ಟು ಸೇದಿದಿರಿ ಎಂದು ಅದು ಕೇಳುತ್ತಿತ್ತು, ಪಕ್ಕದಲ್ಲಿ ಸಿಗರೇಟಿನ ಚಿತ್ರ. ಆಗಷ್ಟೇ ಇಂಗ್ಲಿಷ್ ಕೂಡಿಸಿ ಓದಲು ಕಲಿತಿದ್ದ ಅವಳು ಅದನ್ನು ಗಟ್ಟಿಯಾಗಿ ಓದಿ, ‘ಅಪ್ಪಾ, ಇದು ನಿನ್ನನ್ನ ಕೇಳ್ತಿದೆ’ ಎಂದಳು. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತುಹೋಯಿತು.

ನನಗೆ ಆದದ್ದು ಒಂದು ದಿನದ ಮುಜುಗರ. ಅದೇ ಪಟ್ಟಿಯಲ್ಲಿ ‘ಎಚ್‌ಐವಿ’ ಎಂಬ ಮೂರಕ್ಷರವೂ ಇದ್ದಿದ್ದರೆ?

ಎಚ್‌ಐವಿ ಸೋಂಕಿತರಿಗೆಂದೇ ಮಾಡಿದ ಆ್ಯಪ್‌ಗಳ ತೊಡಕು ಇಲ್ಲಿದೆ. ಹೆಸರಿನಲ್ಲಿ, ಚಿಹ್ನೆಯಲ್ಲಿ, ಸಂದೇಶದಲ್ಲಿ ಕಾಯಿಲೆ ಇಣುಕಿದರೆ ಫೋನನ್ನು ಹಂಚಿಕೊಳ್ಳುವ ಮನೆಗಳಲ್ಲಿ ಅದನ್ನು ಇಟ್ಟುಕೊಳ್ಳುವುದೇ ಕಷ್ಟ. ಪೂರ್ತಿ ಮರೆಮಾಚಿದರೆ ‘ಇದು ನನ್ನಂಥವರಿಗೆ’ ಎನಿಸುವ ಆಪ್ತತೆ ಹೋಗುತ್ತದೆ. ಬ್ರಾಂಕ್ಸಿನ ಗುಂಪಿನ ಬಲವಿದ್ದದ್ದೇ ಆ ಆಪ್ತತೆಯಲ್ಲಿ.

ಕಣ್ಣಿಗೆ ಕಾಣದ ಸೋರಿಕೆ ಇನ್ನೊಂದು. ಖಿನ್ನತೆ ಮತ್ತು ಸಿಗರೇಟು ಬಿಡಿಸುವ 36 ಜನಪ್ರಿಯ ಆ್ಯಪ್‌ಗಳನ್ನು ಸಂಶೋಧಕರು ಪರೀಕ್ಷಿಸಿ 2019ರಲ್ಲಿ ವರದಿ ಮಾಡಿದರು. ಅವುಗಳಲ್ಲಿ 29 ಆ್ಯಪ್‌ಗಳು ಬಳಕೆದಾರರ ಮಾಹಿತಿಯನ್ನು ಜಾಹೀರಾತು ಅಥವಾ ವಿಶ್ಲೇಷಣೆಗಾಗಿ ಗೂಗಲ್‌ಗೋ ಫೇಸ್‌ಬುಕ್‌ಗೋ ಕಳಿಸುತ್ತಿದ್ದವು. ಹಾಗೆ ಕಳಿಸುತ್ತೇವೆ ಎಂದು ಷರತ್ತುಗಳಲ್ಲಿ ಒಪ್ಪಿಕೊಂಡವು ಅರ್ಧಕ್ಕಿಂತ ಹೆಚ್ಚಿರಲಿಲ್ಲ. ಅದಕ್ಕೆ ಒಂದು ವರ್ಷ ಮುಂಚೆ, ಗ್ರೈಂಡರ್ ಎಂಬ ಡೇಟಿಂಗ್ ಆ್ಯಪ್ ತನ್ನ ಬಳಕೆದಾರರ ಎಚ್‌ಐವಿ ಸ್ಥಿತಿಯನ್ನು ಹೊರಗಿನ ಎರಡು ಕಂಪನಿಗಳಿಗೆ ದಾಟಿಸುತ್ತಿದ್ದದ್ದು ಬಯಲಾಗಿ ಗದ್ದಲವಾಗಿತ್ತು. ಭಾರತದಲ್ಲಿ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಒಬ್ಬರ ಎಚ್‌ಐವಿ ಸ್ಥಿತಿಯನ್ನು ಬಹಿರಂಗಪಡಿಸುವಂತಿಲ್ಲ. ಕಾನೂನು ಗಟ್ಟಿಯೇ. ಎಲ್ಲೋ ಕೂತು ಮಾಡಿದ ಉಚಿತ ಆ್ಯಪಿನ ‘ಒಪ್ಪಿದೆ’ ಗುಂಡಿಯನ್ನು ಓದದೆ ಒತ್ತುವುದು ಮಾತ್ರ ನಾವೇ. ಹಾಗಾಗಿ ಯಾವ ಆ್ಯಪ್ ಹಾಕಿಕೊಂಡರೂ ಕಾಯಿಲೆಯ ಹೆಸರನ್ನು ಅದರೊಳಗೆ ಬರೆಯದಿರುವುದು ಜಾಣತನ. ಸಿಗರೇಟು ಬಿಡಿಸಲು ಅದಕ್ಕೆ ಆ ಮಾಹಿತಿ ಬೇಕಿಲ್ಲ. ಬೀಗ ಹಾಕಿದ ಪರದೆಯ ಮೇಲೆ ಸಂದೇಶದ ಒಳವಿಷಯ ಕಾಣದಂತೆ ಫೋನಿನ ಸೆಟ್ಟಿಂಗ್ಸಿನಲ್ಲಿ ಬದಲಿಸಿಕೊಳ್ಳಬಹುದು, ಅರ್ಧ ನಿಮಿಷದ ಕೆಲಸ. ನನಗೆ ಅದು ಗೊತ್ತಾದದ್ದು ಕಾರ್ಟೂನಿನ ಸಂಜೆ ಕಳೆದ ಮೇಲೆ.

ಕಡ್ಡಿಪುಡಿಗೆ ವಾಚಿಲ್ಲ

ಇನ್ನು ನಮ್ಮ ಕಡೆ. ಕರ್ನಾಟಕದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರು ಎರಡೂವರೆ ಲಕ್ಷಕ್ಕೂ ಹೆಚ್ಚು. ದೇಶದಲ್ಲಿ ಮಹಾರಾಷ್ಟ್ರ, ಆಂಧ್ರದ ನಂತರ ನಮ್ಮದೇ ಹೆಸರು. ಬ್ರಾಂಕ್ಸಿನ ಆ್ಯಪನ್ನು ಕನ್ನಡಕ್ಕೆ ತಿರುಗಿಸಿ ಕೊಟ್ಟರೆ ಆಯಿತೇ?

ಮೊದಲ ತೊಡಕು ತಂಬಾಕಿನ ರೂಪದ್ದು. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಸೇದುವವರಿಗಿಂತ ಜಗಿಯುವವರೇ ಹೆಚ್ಚು ಕಂಡಿದ್ದಾರೆ. ಹೊಗೆಸೊಪ್ಪು, ಕಡ್ಡಿಪುಡಿ, ಖೈನಿ, ಗುಟ್ಕಾ, ಎಲೆ ಅಡಿಕೆಯ ಜೊತೆ ಒಂದು ಎಸಳು. ಕೊಲಂಬಿಯಾದ ವಾಚು ಇಲ್ಲಿ ಕುರುಡು. ಕೈ ಒಂದೇ ಸಲ ಬಾಯಿಗೆ ಹೋಗುತ್ತದೆ, ಆಮೇಲೆ ಅರ್ಧ ಗಂಟೆ ದವಡೆಯ ಕೆಲಸ. ಸೇದುವವರಲ್ಲೂ ಬೀಡಿಯ ಲಯ ಬೇರೆ. ಎಳೆಯದಿದ್ದರೆ ಆರಿಹೋಗುತ್ತದೆ ಎಂದು ಮೇಲಿಂದ ಮೇಲೆ ಎಳೆಯಬೇಕು. ‘ಈ ತಿಂಗಳು ಇಷ್ಟು ಡಾಲರ್ ಉಳಿಸಿದಿರಿ’ ಎಂಬ ಲೆಕ್ಕವೂ ಬೀಡಿಕಟ್ಟಿನ ಬೆಲೆಯ ಮುಂದೆ ಸಪ್ಪೆ. ಸಿಗರೇಟನ್ನು ಬಿಡಿಯಾಗಿ ಮಾರುವಂತಿಲ್ಲ ಎಂದು ಕರ್ನಾಟಕ ಸರ್ಕಾರ 2017ರಲ್ಲಿ ಆದೇಶಿಸಿದ್ದೇನೋ ಹೌದು. ನಿಮ್ಮ ಓಣಿಯ ಅಂಗಡಿಯಲ್ಲಿ ಒಂದು ಕೇಳಿ ನೋಡಿ.

ಎರಡನೆಯದು ಫೋನಿನದು. ಅಕ್ಷರ ಓದಲು ತಡವರಿಸುವವರಿಗೆ, ಹಳೆಯ ಗುಂಡಿ ಫೋನಿನವರಿಗೆ ಆ್ಯಪ್ ಎಂಬುದೇ ದೂರದ ಮಾತು. ಅದು ತಿಳಿದಿದ್ದರಿಂದಲೇ ಕೇಂದ್ರ ಸರ್ಕಾರ 2016ರಲ್ಲಿ ‘ಎಂ-ಸೆಸೇಶನ್’ ಯೋಜನೆ ತಂದಾಗ ಆ್ಯಪಿನ ಗೊಡವೆಗೆ ಹೋಗದೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಎಸ್‌ಎಂಎಸ್ ಬರುವ ವ್ಯವಸ್ಥೆ ಮಾಡಿತು. ಹೊಳಪಿಲ್ಲದ ಯೋಜನೆ. ಕಾಕ್ರೇನ್‌ನವರ ತಕ್ಕಡಿಯಲ್ಲಿ ಗೆದ್ದದ್ದು ಇಂಥದ್ದೇ.

ನಮ್ಮಲ್ಲಿ ನಿಜವಾಗಿ ಕೈಗೆಟಕುವ ‘ಆ್ಯಪ್’ ಎಂದರೆ ಸಿಗರೇಟು ಪ್ಯಾಕಿನ ಮೇಲೇ ಅಚ್ಚಾಗಿರುವ ಸಂಖ್ಯೆ: 1800-11-2356, ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್. ಕರೆ ಉಚಿತ. 2016ರಲ್ಲಿ ದೆಹಲಿಯಲ್ಲಿ ಶುರುವಾಗಿ, 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕೇಂದ್ರ ತೆರೆಯಿತು. ಹಾಗಾಗಿ ಕನ್ನಡದಲ್ಲೇ ಮಾತಾಡಬಹುದು. ಸೇದುವವರಿಗೂ ಜಗಿಯುವವರಿಗೂ ಒಂದೇ ಸಂಖ್ಯೆ, ಗುಂಡಿ ಫೋನಿನಿಂದಲೂ ಹೋಗುತ್ತದೆ. ಹ್ಯೂಸ್ಟನ್ನಿನಲ್ಲಿ ಮೂರು ತಿಂಗಳು ನಡೆದು ನಿಂತುಹೋದದ್ದು ಇಲ್ಲಿ ಕಾಯಂ ಇದೆ. ಫೋನಿನ ಆ ತುದಿಯಲ್ಲಿ ಮನುಷ್ಯರಿದ್ದಾರೆ ಎಂಬುದೇ ನನ್ನ ಮಟ್ಟಿಗೆ ಇದರ ತೂಕ. ಎಚ್‌ಐವಿ ಇದೆ ಎಂದು ಅಲ್ಲಿ ಹೇಳಲೇಬೇಕೆಂದಿಲ್ಲ. ಕಾಯಿಲೆಯ ಬಗ್ಗೆಯೇ ಮಾತಾಡಬೇಕೆನಿಸಿದರೆ 1097 ಬೇರೆ ಇದೆ, ಅದೂ ಉಚಿತ.

ಔಷಧದ ಮಾತನ್ನು ಬಿಟ್ಟರೆ ಈ ವಿವರಣೆ ಅರ್ಧಕ್ಕೇ ನಿಂತೀತು. ಫೋನು ಐದು ನಿಮಿಷ ದಾಟಿಸಬಲ್ಲದು, ರಕ್ತದಲ್ಲಿ ನಿಕೋಟಿನ್ ಇಳಿದ ಚಡಪಡಿಕೆಯನ್ನು ಕಡಿಮೆ ಮಾಡಲಾರದು. ಅದಕ್ಕೆ ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಗಳಿವೆ. ಭಾರತದ ಅಗತ್ಯ ಔಷಧಗಳ ಪಟ್ಟಿಗೆ 2022ರಲ್ಲಿ ನಿಕೋಟಿನ್ ಬದಲಿ ಚಿಕಿತ್ಸೆಯೂ ಸೇರಿದೆ. ಗಮ್ಮನ್ನು ಚ್ಯೂಯಿಂಗ್ ಗಮ್ಮಿನ ಹಾಗೆ ಒಂದೇ ಸಮ ಜಗಿದು ಬಿಕ್ಕಳಿಕೆ ಬರಿಸಿಕೊಳ್ಳುವವರೇ ಹೆಚ್ಚು. ನಾಲ್ಕೈದು ಸಲ ಜಗಿದು, ಕೆನ್ನೆಯ ಸಂದಿಯಲ್ಲಿ ಇಟ್ಟು, ಚುರುಗುಟ್ಟುವುದು ನಿಂತ ಮೇಲೆ ಮತ್ತೆ ಜಗಿಯಬೇಕು. ಎಲೆ ಅಡಿಕೆ ಹಾಕುವವರಿಗೆ ಈ ವಿದ್ಯೆ ಹೇಳಿಕೊಡಬೇಕಿಲ್ಲ. ಸಿಗರೇಟು ಬಿಡಲು ಕೊಡುವ ವೆರೆನಿಕ್ಲಿನ್ ಮಾತ್ರೆಯನ್ನು ಫ್ರಾನ್ಸಿನಲ್ಲಿ ಎಚ್‌ಐವಿ ಸೋಂಕಿತರ ಮೇಲೇ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಕೊಟ್ಟರು. 48 ವಾರಗಳ ತನಕ ಸೇದದೆ ಉಳಿದವರು ಮಾತ್ರೆ ಪಡೆದವರಲ್ಲಿ ಶೇ 15, ಔಷಧವಿಲ್ಲದ ಸಪ್ಪೆ ಮಾತ್ರೆ ಪಡೆದವರಲ್ಲಿ ಶೇ 6. ಇದು ಬಹುಪಾಲು ಮೂತ್ರಪಿಂಡದ ದಾರಿಯಲ್ಲೇ ಹೊರಹೋಗುವುದರಿಂದ ಎಆರ್‌ಟಿ ಮಾತ್ರೆಗಳೊಂದಿಗೆ ಜಗಳ ಕಡಿಮೆ. ಬುಪ್ರೋಪಿಯಾನ್ ಎಂಬ ಇನ್ನೊಂದು ಮಾತ್ರೆಯ ಕಥೆ ಬೇರೆ. ಎಫಾವಿರೆಂಜ್ ಅಥವಾ ರಿಟೊನಾವಿರ್ ಎಂಬ ಎಚ್‌ಐವಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತದಲ್ಲಿ ಅದರ ಮಟ್ಟ ಇಳಿದುಹೋಗುತ್ತದೆ. ಆದ್ದರಿಂದ ಎಆರ್‌ಟಿ ವೈದ್ಯರನ್ನು ಕೇಳದೆ ಔಷಧದಂಗಡಿಯಲ್ಲಿ ಇವನ್ನು ಕೊಳ್ಳಬಾರದು.

ಕಾಫಿಪ್ರಿಯರಿಗೆ ಒಂದು ಸಣ್ಣ ವಿಷಯ. ಸಿಗರೇಟಿನ ಹೊಗೆಯಲ್ಲಿರುವ ಡಾಂಬರಿನಂಥ ಅಂಶ ಯಕೃತ್ತನ್ನು ಚುರುಕು ಮಾಡಿ ಕೆಫೀನನ್ನು ಬೇಗ ಕರಗಿಸುತ್ತಿರುತ್ತದೆ. ಸೇದುವುದು ನಿಂತಾಗ ಆ ಚುರುಕೂ ನಿಲ್ಲುತ್ತದೆ, ಅದೇ ಎರಡು ಲೋಟ ಕಾಫಿ ಮೂರ್ನಾಲ್ಕು ಲೋಟದಷ್ಟು ಏರುತ್ತದೆ. ಎದೆ ಡವಗುಟ್ಟುತ್ತದೆ, ನಿದ್ದೆ ಬರುವುದಿಲ್ಲ, ‘ಸಿಗರೇಟು ಬಿಟ್ಟದ್ದೇ ತಪ್ಪಾಯಿತು’ ಎನಿಸುತ್ತದೆ. ನಾನು ಎರಡು ಸಲ ಸೋತದ್ದರಲ್ಲಿ ಫಿಲ್ಟರ್ ಕಾಫಿಯ ಪಾಲು ಎಷ್ಟೆಂದು ಈಗ ಅನುಮಾನ. ಇಷ್ಟು ಉಪಯೋಗದ ಮಾತನ್ನು ನನ್ನ ಆ್ಯಪ್ ಒಂದು ದಿನವೂ ಹೇಳಲಿಲ್ಲ.

ತಂಬಾಕು ಬಿಡಿಸುವ ಕೆಲಸಕ್ಕೆ ಎಲ್ಲಕ್ಕಿಂತ ಅಗ್ಗದ ಜಾಗ ಎಆರ್‌ಟಿ ಕೇಂದ್ರವೇ. ಮಾತ್ರೆ ಒಯ್ಯಲು ತಿಂಗಳಿಗೊಮ್ಮೆ, ಸ್ಥಿರವಾಗಿರುವವರು ಕೆಲವು ತಿಂಗಳಿಗೊಮ್ಮೆ ಬರಲೇಬೇಕು. ತೂಕ ನೋಡುತ್ತಾರೆ, ಕೆಮ್ಮಿದೆಯೇ ಎಂದು ಕೇಳುತ್ತಾರೆ, ಉಳಿದ ಮಾತ್ರೆ ಎಣಿಸುತ್ತಾರೆ. ‘ಬೀಡಿ, ಸಿಗರೇಟು, ಹೊಗೆಸೊಪ್ಪು ಏನಾದರೂ ಇದೆಯಾ?’ ಎಂಬ ಒಂದು ಪ್ರಶ್ನೆಗೆ ಹತ್ತು ಸೆಕೆಂಡು ಸಾಕು. ‘ಇದೆ’ ಎಂದವರ ಫೋನಿನಿಂದಲೇ, ಅಲ್ಲೇ ಕೂತು ಕ್ವಿಟ್‌ಲೈನಿಗೆ ಮೊದಲ ಕರೆ ಮಾಡಿಸಬಹುದು. ಮನೆಗೆ ಹೋಗಿ ಮಾಡುತ್ತೇನೆ ಎಂದವರು ಮಾಡುವುದಿಲ್ಲ, ನಾನೂ ಮಾಡಿರಲಿಲ್ಲ.

ಆ ಕರೆಯ ಕೊನೆಗೆ ಸಮಾಲೋಚಕರು ಮತ್ತೆ ಯಾವಾಗ ಫೋನು ಮಾಡಲಿ ಎಂದು ವಿಚಾರಿಸಿದರೆ, ಮನೆಯವರು ಸುತ್ತ ಇರುವ ಹೊತ್ತು ಬೇಡ. ಕೆಲಸ ಮುಗಿಸಿ ಹೊರಡುವ, ಪೆಟ್ಟಿ ಅಂಗಡಿ ಇನ್ನೂ ನಾಲ್ಕು ಹೆಜ್ಜೆ ದೂರವಿರುವ ಹೊತ್ತನ್ನು ಹೇಳಿ.